ಶಾಂತಿ ಕೂಟ ಮೊದಲೋ, ಪಕ್ಷ ಮೊದಲೋ?

ಪ್ರಶ್ನೆ: ನನ್ನದು ಅಂಕೋಲಾ ತಾಲೂಕಿನ ಒಂದು ಹಳ್ಳಿ. ಸಣ್ಣ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. 2025ರ ಮೇ ತಿಂಗಳಲ್ಲಿ ಯುದ್ಧದ ಮಾತು ಜೋರಾಗಿದ್ದಾಗ ನಾವು ಹನ್ನೊಂದು ಜನ ಸಂಜೆ ಮೇಣದ ಬತ್ತಿ ಹಿಡಿದು ಪೇಟೆಯಲ್ಲಿ ನಿಂತೆವು. 'ಯುದ್ಧ ಬೇಡ' ಅಂತ ಒಂದು ಬ್ಯಾನರ್ ಇತ್ತು, ಅಷ್ಟೇ. ಕೆಲವರು ನಿಂತು ಬೈದರು. ದೇಶದ್ರೋಹಿಗಳು ಅಂದರು. ನನ್ನ ಅಣ್ಣ ನೌಕಾನೆಲೆಯಲ್ಲಿ ಸಿವಿಲಿಯನ್ ನೌಕರ. ಅವನೂ ಎರಡು ವಾರ ನನ್ನ ಹತ್ತಿರ ಮಾತು ಬಿಟ್ಟ. ಈಗ ನಮ್ಮಲ್ಲಿ ಕೆಲವರು, ಬೀದಿಯಲ್ಲಿ ನಿಂತರೆ ಯಾರೂ ಕೇಳುವುದಿಲ್ಲ, ನಮ್ಮದೇ ಒಂದು ಸಣ್ಣ ಪಕ್ಷ ಕಟ್ಟೋಣ ಅನ್ನುತ್ತಿದ್ದಾರೆ. ಇದು ಆಗುವ ಕೆಲಸವೇ? ಎಲ್ಲಿಂದ ಶುರು ಮಾಡಬೇಕು? ಕಾನೂನಿನಲ್ಲಿ ಏನೇನು ನೋಡಿಕೊಳ್ಳಬೇಕು?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪೇಟೆಯಲ್ಲಿ ಬೈಸಿಕೊಂಡದ್ದಕ್ಕಿಂತ ಅಣ್ಣ ಮಾತು ಬಿಟ್ಟದ್ದೇ ನಿಮಗೆ ಜಾಸ್ತಿ ನೋವು ಕೊಟ್ಟಿದೆ ಅನ್ನಿಸಿತು. ಅಣ್ಣನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಅದರಲ್ಲಿ ಕಾನೂನಿನ ಮಾತೂ ಇದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪಕ್ಷ ಈಗಲೇ ಬೇಡ. ಕೂಟ ಗಟ್ಟಿ ಮಾಡಿ. ಕೂಟ ನಾಲ್ಕೈದು ವರ್ಷ ಬಾಳಿ, ಊರಿನವರು ತಮ್ಮ ಕಷ್ಟ ಹೇಳಿಕೊಳ್ಳಲು ನಿಮ್ಮ ಅಂಗಡಿಗೆ ಬರುವ ಹಾಗಾದರೆ ಆಗ ಗ್ರಾಮ ಪಂಚಾಯಿತಿಗೆ ಇಬ್ಬರನ್ನೋ ಮೂವರನ್ನೋ ನಿಲ್ಲಿಸಿ. ಪಕ್ಷದ ನೋಂದಣಿ ಅದರ ಆಮೇಲಿನ ಮಾತು. ಶಿರಸಿ ಕಡೆಯಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುತ್ತಾ, ಸಣ್ಣಪುಟ್ಟ ಹೋರಾಟಗಳಲ್ಲಿ ಓಡಾಡುತ್ತಾ ಬಹಳ ವರ್ಷ ಕಳೆದಿದ್ದೇನೆ. ಆ ಅನುಭವದಿಂದಲೇ ಹೇಳುತ್ತಿದ್ದೇನೆ.

ಮೊದಲು ಆ ಬ್ಯಾನರ್ ವಿಷಯ. ಎದುರಿಗೆ ನಿಂತವರಿಗೆ ಅದು ಹೇಗೆ ಕೇಳಿಸಿತು ಅಂತ ಯೋಚಿಸಿ. ಕಾರವಾರ, ಅಂಕೋಲಾ ಭಾಗದಲ್ಲಿ ನೌಕಾನೆಲೆ ಅಂದರೆ ಎಷ್ಟೋ ಮನೆಗಳ ಅನ್ನ. ಒಬ್ಬರ ಮಗ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ. ಇನ್ನೊಬ್ಬರು ಮೇಲಿನ ಎರಡು ಕೋಣೆ ಬಾಡಿಗೆಗೆ ಕೊಟ್ಟಿದ್ದಾರೆ. ಮಲ್ಲಾಪುರದ ಕಡೆ ಕೈಗಾ ಅಣು ವಿದ್ಯುತ್ ಕೇಂದ್ರ ಅಂದರೂ ಹೀಗೆಯೇ. ಅವರ ಕಿವಿಗೆ 'ಯುದ್ಧ ಬೇಡ' ಅನ್ನುವ ಮಾತು 'ನಿಮ್ಮ ಹುಡುಗರು ಬೇಡ' ಅಂದ ಹಾಗೆ ಬಿತ್ತು. ನಿಮ್ಮ ಮನಸ್ಸಿನಲ್ಲಿ ಹಾಗಿರಲಿಲ್ಲ, ನನಗೆ ಗೊತ್ತು. ಆದರೆ ಮನಸ್ಸಿನಲ್ಲಿ ಏನಿತ್ತು ಅಂತ ಬ್ಯಾನರ್ ಹೇಳಲಿಲ್ಲ, ಅಲ್ವಾ?

ಅದೇ ಊರುಗಳಲ್ಲಿ ಇನ್ನೊಂದು ನೆನಪೂ ಇದೆ. 1986ರ ಅಕ್ಟೋಬರ್ 24ರಂದು ಆಗಿನ ಪ್ರಧಾನಿ ರಾಜೀವ್ ಗಾಂಧಿ ಈ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಆ ನಡುವೆ ಕಾರವಾರ, ಅಂಕೋಲಾ ತಾಲೂಕುಗಳ ಕಡಲಂಚಿನ ಹಳ್ಳಿಗಳಿಂದ ಸಾವಿರಾರು ಕುಟುಂಬಗಳು ಎದ್ದವು. ಗದ್ದೆ ಹೋಯಿತು, ತೆಂಗಿನ ಮರ ಹೋಯಿತು, ಬಲೆ ಹರವುವ ದಂಡೆ ಹೋಯಿತು. ಹೆಚ್ಚಿನ ಪರಿಹಾರಕ್ಕಾಗಿ ಜನ ಕೋರ್ಟು, ಕಚೇರಿ ಅಂತ ದಶಕಗಟ್ಟಲೆ ಅಲೆದರು. ದುಡ್ಡು ಕೈಗೆ ಬರುವ ಮೊದಲೇ ಕಣ್ಣು ಮುಚ್ಚಿದ ಹಿರಿಯರು ಎಷ್ಟೋ ಜನ.

ಒಮ್ಮೆ ನಿರಾಶ್ರಿತರ ಕಾಲನಿಯ ಒಂದು ಮನೆಗೆ ಹೋಗಿದ್ದೆ. ಅಜ್ಜಿ ಗೋಡೆಯ ಮೊಳೆಗೆ ತೂಗು ಹಾಕಿದ್ದ ಪ್ಲಾಸ್ಟಿಕ್ ಚೀಲ ಇಳಿಸಿ ಒಂದೊಂದೇ ಕಾಗದ ತೆಗೆದು ಚಾಪೆಯ ಮೇಲೆ ಇಟ್ಟರು. ಭೂಸ್ವಾಧೀನದ ನೋಟಿಸು, ಅದರ ಜೆರಾಕ್ಸು, ಆ ಜೆರಾಕ್ಸಿನದೇ ಇನ್ನೊಂದು ಜೆರಾಕ್ಸು. ಮಡಿಕೆ ಬಿದ್ದಲ್ಲಿ ಅಕ್ಷರ ಅಳಿಸಿ ಹೋಗಿತ್ತು. ಆದರೆ ಆ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಯಾವ ಕಾಗದ ಯಾವುದು ಅಂತ ಕಲೆ ನೋಡಿ ಗುರುತು ಹಿಡಿಯುತ್ತಿದ್ದರು. ಚೀಲ ತೂಗು ಹಾಕಿದ್ದ ಮೊಳೆಯ ಪಕ್ಕದಲ್ಲೇ ಚೌಕಟ್ಟಿನಲ್ಲಿ ಒಂದು ಫೋಟೋ ಇತ್ತು. ಬಿಳಿ ಸಮವಸ್ತ್ರದಲ್ಲಿ ಮೊಮ್ಮಗ. ಅವನ ವಿಷಯ ಹೇಳುವಾಗ ಅಜ್ಜಿಯ ಮುಖ ಅರಳಿತು.

ನಿಮ್ಮ ಕೂಟ ಶುರುವಾಗಬೇಕಾದದ್ದು ಆ ಗೋಡೆಯ ಹತ್ತಿರ. ಆ ಚೀಲವೂ ಅವರದೇ, ಆ ಫೋಟೋವೂ ಅವರದೇ. ಎರಡರಲ್ಲಿ ಒಂದನ್ನು ಆರಿಸಿ ಅಂತ ಅವರಿಗೆ ಹೇಳುವ ಶಾಂತಿ ಕೂಟ ನಮ್ಮ ಜಿಲ್ಲೆಯಲ್ಲಿ ಒಂದು ಮಳೆಗಾಲವೂ ಉಳಿಯುವುದಿಲ್ಲ.

ಹಾಗಾದರೆ ಮಾತಾಡುವುದು ಏನನ್ನು? ಯುದ್ಧ ನಮ್ಮ ಮನೆಗೆ ಯಾವ ಬಾಗಿಲಿನಿಂದ ಬರುತ್ತದೆ ಅನ್ನುವುದನ್ನು. 2025ರ ಮೇ ತಿಂಗಳಲ್ಲಿ ದೇಶದ 244 ಜಿಲ್ಲೆಗಳಲ್ಲಿ ನಾಗರಿಕ ರಕ್ಷಣೆಯ ಅಣಕು ಕವಾಯತು ಮಾಡಬೇಕು ಅಂತ ಕೇಂದ್ರ ಹೇಳಿತು. ನಮ್ಮ ರಾಜ್ಯದಿಂದ ಬೆಂಗಳೂರು, ರಾಯಚೂರಿನ ಜೊತೆಗೆ ಕಾರವಾರದ ಹೆಸರೂ ಇತ್ತು. ಯಾಕೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ನೌಕಾನೆಲೆ, ಇನ್ನೊಂದು ಕಡೆ ಕಾಳಿ ನದಿಯ ದಂಡೆಯಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳ ಅಣು ವಿದ್ಯುತ್ ಕೇಂದ್ರ. ಗಡಿ ಸಾವಿರ ಕಿಲೋಮೀಟರ್ ದೂರ ಇರಬಹುದು, ಪಟ್ಟಿಯಲ್ಲಿ ಮಾತ್ರ ನಾವು ಹತ್ತಿರವೇ ಇದ್ದೇವೆ.

ಭಟ್ಕಳದ ಎಷ್ಟೋ ಮನೆಗಳು ಕೊಲ್ಲಿ ದೇಶಗಳ ದುಡಿಮೆಯ ಮೇಲೆ ನಿಂತಿವೆ. 1990ರಲ್ಲಿ ಇರಾಕ್ ಕುವೈತಿನ ಮೇಲೆ ದಾಳಿ ಮಾಡಿದಾಗ ಭಾರತ ಒಂದೂವರೆ ಲಕ್ಷಕ್ಕೂ ಜಾಸ್ತಿ ಜನರನ್ನು ವಿಮಾನದಲ್ಲಿ ಕರೆತರಬೇಕಾಯಿತು. ಶಿರಸಿಯಿಂದ ಆಚೆ ಹೋದರೆ ಹಾವೇರಿ. ಅಲ್ಲಿಂದ ವೈದ್ಯಕೀಯ ಓದಲು ಹೋಗಿದ್ದ ಹುಡುಗನೊಬ್ಬ 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕೀವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಊಟದ ಸಾಮಾನು ತರಲು ಹೊರಗೆ ಹೋಗಿದ್ದನಂತೆ. ಇಂಥದ್ದನ್ನು ಹೇಳಿದಾಗ ಯಾರೂ ನಿಮ್ಮನ್ನು ದೇಶದ್ರೋಹಿ ಅನ್ನುವುದಿಲ್ಲ. ಸುಮ್ನೆ ಕೂತು ಕೇಳುತ್ತಾರೆ.

ಮೀನು ಮಾರುವ ಹೆಂಗಸರ ಜೊತೆ ಮಾತಾಡುವಾಗ ಕಡಲ ಗಡಿಯ ವಿಷಯ ತೆಗೆಯಿರಿ. ಗುಜರಾತ್ ಕಡೆಯ ಮೀನುಗಾರರು ಗೆರೆ ದಾಟಿದರು ಅಂತ ಪಾಕಿಸ್ತಾನದ ಜೈಲು ಸೇರುತ್ತಾರೆ, ಅಲ್ಲಿಯವರು ನಮ್ಮ ಜೈಲಿಗೆ ಬರುತ್ತಾರೆ. 2008ರ ಒಪ್ಪಂದದ ಪ್ರಕಾರ ಎರಡೂ ದೇಶ ವರ್ಷಕ್ಕೆ ಎರಡು ಸಲ, ಜನವರಿ 1 ಮತ್ತು ಜುಲೈ 1ರಂದು, ತಮ್ಮ ವಶದಲ್ಲಿರುವ ಕೈದಿಗಳ ಮತ್ತು ಮೀನುಗಾರರ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ನೀರಿನ ಮೇಲೆ ಗೆರೆ ಕಾಣುವುದಿಲ್ಲ ಅನ್ನುವುದು ಬೋಟಿಗೆ ಹೋಗುವವನ ಹೆಂಡತಿಗೆ ನಮಗಿಂತ ಚೆನ್ನಾಗಿ ಗೊತ್ತು.

ಅಣು ಕೇಂದ್ರಗಳ ಬಗ್ಗೆಯೂ ಇಂಥದೇ ಒಂದು ಒಪ್ಪಂದವಿದೆ. ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಅಂತ ಭಾರತ, ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಸಹಿ ಹಾಕಿದವು. 1992ರಿಂದ ಪ್ರತಿ ಜನವರಿ 1ರಂದು ಎರಡೂ ದೇಶ ತಮ್ಮ ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ಕಾರ್ಗಿಲ್ ಆದ ಮೇಲೂ ಅದು ನಿಲ್ಲಲಿಲ್ಲ. ವೈರಿಗಳೂ ಕೂತು ಬರೆದು ಪಾಲಿಸಬಹುದಾದ ಮಾತುಗಳಿವೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಕೈಗಾ ಪಕ್ಕದ ಜನರಿಗೆ ಬೇಕಿಲ್ಲ. ನಿಮ್ಮ ಕೂಟ ಹೊಸ ವರ್ಷದ ದಿನ ಇದನ್ನೇ ಒಂದು ಕರಪತ್ರ ಮಾಡಿ ಹಂಚಬಹುದು.

ಇನ್ನು ಕೂಟ ದಿನನಿತ್ಯ ಮಾಡುವ ಕೆಲಸ. ಮೆರವಣಿಗೆ ವರ್ಷಕ್ಕೆ ಒಂದು ಸಾಕು. ಉಳಿದ ದಿನ ಕಾಗದದ ಕೆಲಸ. ಕೈಗಾದಂಥ ಸ್ಥಾವರದ ಸುತ್ತ 16 ಕಿಲೋಮೀಟರ್ ವ್ಯಾಪ್ತಿಗೆ ತುರ್ತು ಯೋಜನೆ ಇರಲೇಬೇಕು. ಹೊರಗಿನ ಊರುಗಳ ಮಟ್ಟಿಗೆ ಅದರ ಜವಾಬ್ದಾರಿ ಜಿಲ್ಲಾಧಿಕಾರಿಯದು. ನಮ್ಮ ಊರಿನವರು ಎಲ್ಲಿ ಸೇರಬೇಕು, ಯಾವ ರಸ್ತೆ, ಎಷ್ಟು ಬಸ್ಸು, ಹಾಸಿಗೆ ಹಿಡಿದ ಮುದುಕರನ್ನು ಯಾರು ಎತ್ತಿಕೊಂಡು ಹೋಗಬೇಕು? ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಭದ್ರತೆಗೆ ಸಂಬಂಧಪಟ್ಟದ್ದನ್ನು ಅವರು ಕೊಡುವುದಿಲ್ಲ, ನೀವೂ ಕೇಳಬೇಡಿ. ಜನರ ಸುರಕ್ಷತೆಯದ್ದು ಕೇಳಿ. ಉತ್ತರ ಬಂದ ಮೇಲೆ ಅದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ಠರಾವು ಮಾಡಿಸಿ. ಸೀಬರ್ಡ್ ನಿರಾಶ್ರಿತರಲ್ಲಿ ಯಾರ ಕಡತ ಎಲ್ಲಿ ನಿಂತಿದೆ ಅಂತ ಮನೆಮನೆಗೆ ಹೋಗಿ ಬರೆದುಕೊಳ್ಳಿ. ಇದು ಯುದ್ಧ ವಿರೋಧಿ ಕೆಲಸವೇ. ದೇಶ ಕಾಯುವುದರ ಬೆಲೆಯನ್ನು ಯಾರು ಕಟ್ಟಿದರು ಅಂತ ಲೆಕ್ಕ ಇಡುವ ಕೆಲಸ.

ಇನ್ನೊಂದು ಕೆಲಸ ಇದೆ, ಅದಕ್ಕೆ ಧೈರ್ಯ ಬೇಕು. ಯುದ್ಧದ ಮಾತು ಎದ್ದ ಕೂಡಲೇ ಕರಾವಳಿಯಲ್ಲಿ ಸುಳ್ಳು ಸುದ್ದಿ ಏಳುತ್ತದೆ. ಅದು ಪಾಕಿಸ್ತಾನದವರೆಗೆ ಹೋಗುವುದಿಲ್ಲ, ಪಕ್ಕದ ಕೇರಿಗೆ ಹೋಗುತ್ತದೆ. 1993ರ ಭಟ್ಕಳದ ಕೋಮು ಗಲಭೆ ನೋಡಿದವರು ನಾವು. 2017ರ ಡಿಸೆಂಬರಿನಲ್ಲಿ ಹೊನ್ನಾವರದಿಂದ ಕುಮಟಾ, ಶಿರಸಿವರೆಗೆ ಬೆಂಕಿ ಹೇಗೆ ಹರಡಿತು ಅಂತಲೂ ನೋಡಿದ್ದೇವೆ. ನಿಮ್ಮ ಹನ್ನೊಂದು ಜನರಲ್ಲಿ ಎಲ್ಲ ಕೇರಿಯವರೂ ಇದ್ದಾರಾ? ಖಾರ್ವಿ, ಹಾಲಕ್ಕಿ, ನಾಡವರು, ಮುಸ್ಲಿಮರು, ಕ್ರೈಸ್ತರು, ದಲಿತರು? ಇಲ್ಲ ಅಂದರೆ ಹನ್ನೆರಡನೆಯವರನ್ನು ಸೇರಿಸುವ ಮೊದಲು ಇದನ್ನು ಸರಿ ಮಾಡಿ. ಫೋನಿನಲ್ಲಿ ಒಂದು ಸುಳ್ಳು ಬಂದಾಗ ಆ ಕೇರಿಯವರಿಗೇ ಫೋನ್ ಮಾಡಿ ಕೇಳಿ, ಅರ್ಧ ಗಂಟೆಯಲ್ಲಿ ನಿಜ ಏನು ಅಂತ ಊರಿಗೆ ಹೇಳುವಂಥ ಕೂಟ ಇದ್ದರೆ ಅದು ನೂರು ಮೇಣದ ಬತ್ತಿಗಿಂತ ದೊಡ್ಡದು.

ಕಾನೂನಿನ ಮಾತು. ಸರ್ಕಾರದ ಯುದ್ಧ ನೀತಿಯನ್ನು ಟೀಕಿಸುವುದು ಅಪರಾಧ ಅಲ್ಲ. ಹಿಂಸೆಗೆ ಕುಮ್ಮಕ್ಕು ಕೊಡದ ಟೀಕೆ ರಾಜದ್ರೋಹ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1962ರಲ್ಲೇ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಮು ದೇಶದ ಸಾರ್ವಭೌಮತೆಗೆ ಅಪಾಯ ತರುವ ಕೃತ್ಯದ ಬಗ್ಗೆ. 196ನೇ ಕಲಮು ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದರ ಬಗ್ಗೆ. 152ರ ವಿವರಣೆಯಲ್ಲೇ, ಕಾನೂನಿನ ದಾರಿಯಲ್ಲಿ ಬದಲಾವಣೆ ಬಯಸಿ ಸರ್ಕಾರದ ಕ್ರಮವನ್ನು ಒಪ್ಪದೆ ಮಾತಾಡುವುದು ಅಪರಾಧವಲ್ಲ ಅಂತ ಇದೆ. ಹಾಗಂತ ಯುದ್ಧ ನಡೆಯುತ್ತಿರುವ ವಾರದಲ್ಲಿ ಆವೇಶದಲ್ಲಿ ಒಂದು ಸಾಲು ಬರೆದು ಹಾಕಿದರೆ ಪೊಲೀಸ್ ಠಾಣೆಗೆ ಅಲೆಯುವುದು ನೀವೇ. ಆಮೇಲೆ ಕೋರ್ಟು ಬಿಡಬಹುದು, ಅಷ್ಟರೊಳಗೆ ಅಂಗಡಿ ಮುಚ್ಚಿರುತ್ತದೆ. ಕೂಟದ ಹೆಸರಿನಲ್ಲಿ ಹೋಗುವ ಪ್ರತಿ ಬರಹವನ್ನೂ ಇಬ್ಬರು ಓದಿದ ಮೇಲೆಯೇ ಕಳಿಸುವುದು ಅಂತ ನಿಯಮ ಮಾಡಿಕೊಳ್ಳಿ.

ಮೆರವಣಿಗೆಗೆ, ಸಭೆಗೆ ಮೊದಲೇ ಪೊಲೀಸರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಹಿಂದೆ 144 ಅನ್ನುತ್ತಿದ್ದ ನಿಷೇಧಾಜ್ಞೆ ಈಗ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮು. ಅದು ಜಾರಿಯಲ್ಲಿದ್ದಾಗ ಬೀದಿಗೆ ಇಳಿಯಬೇಡಿ. ನೌಕಾನೆಲೆಯ ಗೇಟು, ಹಡಗು, ಬೇಲಿ, ಯಾವುದರ ಫೋಟೋವನ್ನೂ ತೆಗೆಯಬೇಡಿ, ಬ್ಯಾನರ್ ಹಿಂದೆ ಅದು ಕಾಣುವ ಹಾಗೂ ನಿಲ್ಲಬೇಡಿ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇವತ್ತಿಗೂ ಇದೆ. ಕಾರವಾರದ ಕಡಲತೀರದಲ್ಲಿ ಸೇರುವ ಆಸೆ ಇದ್ದರೆ ಅದಕ್ಕೆ ಅರ್ಥವಿದೆ. ಕವಿ ರವೀಂದ್ರನಾಥ ಟಾಗೋರರು, ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ, ಬಂದು ಉಳಿದಿದ್ದರು. ಅವರೇ ಮುಂದೆ ಮೊದಲ ಮಹಾಯುದ್ಧದ ನಡುವೆಯೇ ಜಪಾನ್, ಅಮೆರಿಕಗಳಿಗೆ ಹೋಗಿ ಯುದ್ಧೋನ್ಮಾದದ ವಿರುದ್ಧ ಮಾತಾಡಿದರು. ಆ ತೀರಕ್ಕೆ ಅವರದೇ ಹೆಸರು. ಅಲ್ಲೇ ಹಳೆಯ ಯುದ್ಧನೌಕೆಯ ವಸ್ತುಸಂಗ್ರಹಾಲಯವೂ ಇದೆ. ಆಗಸ್ಟ್ 6, ಹಿರೋಶಿಮಾ ದಿನ, ಅಲ್ಲಿ ಮಕ್ಕಳನ್ನು ಕೂರಿಸಿ ಶಾಂತಿಯ ಗುರುತಾದ ಕಾಗದದ ಕೊಕ್ಕರೆ ಮಾಡಿಸಿ. ಮಳೆ ಬರುತ್ತಿರುತ್ತದೆ, ಒಂದು ಸಭಾಂಗಣ ನೋಡಿಟ್ಟುಕೊಳ್ಳಿ.

ಈಗ ಪಕ್ಷ.

ನಮ್ಮ ಲೋಕಸಭಾ ಕ್ಷೇತ್ರದಲ್ಲೇ ಎರಡು ಚುನಾವಣೆಗಳಿವೆ. ಪಕ್ಷ ಕಟ್ಟುವ ಆಸೆ ಇರುವವರೆಲ್ಲ ಅವನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 1967ರಲ್ಲಿ ದಿನಕರ ದೇಸಾಯಿಯವರು ದೊಡ್ಡ ಪಕ್ಷಗಳ ಬೆನ್ನಿಲ್ಲದೆ, ಪಕ್ಷೇತರರಾಗಿ ನಿಂತು ಗೆದ್ದರು. 1989ರಲ್ಲಿ ಶಿವರಾಮ ಕಾರಂತರು ಕೈಗಾ ವಿರೋಧವನ್ನೇ ವಿಷಯ ಮಾಡಿಕೊಂಡು ನಿಂತರು. ಇಳಿವಯಸ್ಸಿನಲ್ಲಿ, ಜ್ಞಾನಪೀಠ ಬಂದ ಲೇಖಕರು ಊರೂರು ಸುತ್ತಿದರು. ಗೆಲ್ಲಲಿಲ್ಲ. ಕಾರಂತರ ಮಾತಿಗೆ ತೂಕ ಕಡಿಮೆ ಇತ್ತು ಅಂತ ನಾನು ಒಪ್ಪುವುದಿಲ್ಲ. ಐದು ವರ್ಷದೊಳಗೆ, 1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ಕೈಗಾ ಘಟಕದ ಗುಮ್ಮಟದ ಒಳಭಾಗವೇ ಕಳಚಿ ಬಿತ್ತು. ಅವರು ಎತ್ತಿದ ಪ್ರಶ್ನೆಗೆ ಬೆಲೆ ಇತ್ತು. ಆದರೆ ದೇಸಾಯಿಯವರ ಹಿಂದೆ ಬೇರೆ ಒಂದು ಇತ್ತು. ಅಂಕೋಲೆಯ ಅಲಗೇರಿಯವರು. ಒಕ್ಕಲು ಮಕ್ಕಳನ್ನು ಸಂಘಟಿಸಿ ಬ್ರಿಟಿಷರಿಂದ ಗಡೀಪಾರಾಗಿದ್ದವರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಹಳ್ಳಿ ಮಕ್ಕಳಿಗೆ ಹೈಸ್ಕೂಲು ತಂದವರು. 'ಜನಸೇವಕ' ವಾರಪತ್ರಿಕೆ ನಡೆಸಿದವರು. ವೋಟು ಕೇಳಲು ಹೋದಾಗ ಆ ಮನೆಯ ಮಗಳು ಅವರ ಶಾಲೆಯಲ್ಲೇ ಓದುತ್ತಿದ್ದಿರಬಹುದು. ಒಬ್ಬರ ಹಿಂದೆ ದೊಡ್ಡ ವಿಷಯ ಇತ್ತು, ಇನ್ನೊಬ್ಬರ ಹಿಂದೆ ಅದೇ ನೆಲದಲ್ಲಿ ಹಲವು ದಶಕದ ದುಡಿಮೆ ಇತ್ತು. ಹದಿನಾಲ್ಕು ಲಕ್ಷಕ್ಕೂ ಜಾಸ್ತಿ ಜನರ ಈ ಜಿಲ್ಲೆಯಲ್ಲಿ ಹನ್ನೊಂದು ಜನರ ಹಿಂದೆ ಈಗ ಏನಿದೆ ಅಂತ ಕೂತು ಮಾತಾಡಿ.

ಆದರೂ ನೋಂದಣಿ ಹೇಗೆ ಅಂತ ಗೊತ್ತಿರಲಿ. 1951ರ ಜನಪ್ರತಿನಿಧಿ ಕಾಯ್ದೆಯ 29ಎ ಕಲಮಿನಲ್ಲಿ ಅದು ಬರುತ್ತದೆ. ಪಕ್ಷ ಕಟ್ಟಿದ ದಿನದಿಂದ 30 ದಿನದೊಳಗೆ ದೆಹಲಿಯ ಚುನಾವಣಾ ಆಯೋಗಕ್ಕೆ ಅರ್ಜಿ ಹೋಗಬೇಕು. ಜೊತೆಗೆ 10,000 ರೂಪಾಯಿ ಶುಲ್ಕ. ಕನಿಷ್ಠ 100 ಸದಸ್ಯರು ಬೇಕು, ಎಲ್ಲರೂ ಮತದಾರರ ಪಟ್ಟಿಯಲ್ಲಿ ಇರಬೇಕು. ಬೇರೆ ಪಕ್ಷದಲ್ಲಿ ಇಲ್ಲ ಅಂತ ಒಬ್ಬೊಬ್ಬರೂ ಪ್ರಮಾಣಪತ್ರ ಕೊಡಬೇಕು. ಈ ಒಂದು ಕಾಗದದಲ್ಲೇ ಅರ್ಧ ಪಕ್ಷಗಳು ಮುಗ್ಗರಿಸುವುದನ್ನು ನೋಡಿದ್ದೇನೆ. ಹೆಸರು ಬರೆಸುವಾಗ ಹೂಂ ಅಂದವರು ನೋಟರಿ ಹತ್ತಿರ ಬನ್ನಿ ಅಂದಾಗ ಮದುವೆಗೆ ಹೋಗಿರುತ್ತಾರೆ. ಪಕ್ಷದ ನಿಯಮಾವಳಿಯಲ್ಲಿ ಸಂವಿಧಾನಕ್ಕೆ, ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವಕ್ಕೆ ನಿಷ್ಠೆ, ದೇಶದ ಸಾರ್ವಭೌಮತೆ, ಏಕತೆ, ಸಮಗ್ರತೆಯನ್ನು ಕಾಯುತ್ತೇವೆ ಅನ್ನುವ ಮಾತು ಇರಲೇಬೇಕು. ಪದಾಧಿಕಾರಿಗಳ ಚುನಾವಣೆ ಐದು ವರ್ಷಕ್ಕೆ ಒಮ್ಮೆಯಾದರೂ ಆಗಬೇಕು. ಆಕ್ಷೇಪಣೆ ಕರೆದು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ರಾಷ್ಟ್ರೀಯ ಪತ್ರಿಕೆಯ ಜಾಹೀರಾತಿನ ಖರ್ಚು ಶುಲ್ಕವನ್ನೂ ಮೀರಬಹುದು, ಅದನ್ನು ಮೊದಲೇ ಎತ್ತಿಡಿ.

ನಿಮ್ಮ ಗೆಳೆಯರು ಬಹುಶಃ ಯೋಚಿಸದ ಎರಡು ವಿಷಯ ಇಲ್ಲಿವೆ. ಒಂದು, ಚಿಹ್ನೆ. ನೋಂದಣಿ ಆದ ಮಾತ್ರಕ್ಕೆ ಚಿಹ್ನೆ ಸಿಗುವುದಿಲ್ಲ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಚಿಹ್ನೆ ಬೇಕು ಅಂದರೆ ವಿಧಾನಸಭೆಯ ಶೇ 5ರಷ್ಟು ಕ್ಷೇತ್ರಗಳಲ್ಲಾದರೂ ನಿಲ್ಲಬೇಕು. 224ರಲ್ಲಿ ಅದು 12 ಆಗುತ್ತದೆ. ನಮ್ಮ ಜಿಲ್ಲೆಯಲ್ಲಿ ಇರುವುದೇ ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ ಸೇರಿ ಆರು. ಅಂದರೆ ಜಿಲ್ಲೆಗೆ ಸೀಮಿತವಾದ ಪಕ್ಷ ಆರೂ ಕಡೆ ನಿಂತರೂ ಒಂದೇ ಚಿಹ್ನೆ ಖಾತ್ರಿ ಇಲ್ಲ. ಅಂಕೋಲೆಯಲ್ಲಿ ಒಂದು, ಕುಮಟೆಯಲ್ಲಿ ಇನ್ನೊಂದು ಆಗಬಹುದು. ಎರಡು, ಸುಮ್ನೆ ನೋಂದಣಿ ಮಾಡಿಸಿ ಇಟ್ಟುಕೊಳ್ಳಲು ಬರುವುದಿಲ್ಲ. ಆರು ವರ್ಷ ಒಂದೂ ಚುನಾವಣೆಗೆ ನಿಲ್ಲದ ಪಕ್ಷಗಳನ್ನು ಆಯೋಗ ಪಟ್ಟಿಯಿಂದ ತೆಗೆಯುತ್ತದೆ. 2025ರ ಆಗಸ್ಟಿನಲ್ಲಿ ಒಂದೇ ಸಲಕ್ಕೆ 334, ಸೆಪ್ಟೆಂಬರಿನಲ್ಲಿ ಇನ್ನೂ 474 ಪಕ್ಷಗಳು ಹೋದವು. ಪಂಚಾಯಿತಿಗೆ ನಿಂತದ್ದು ಈ ಲೆಕ್ಕಕ್ಕೆ ಬರುವುದಿಲ್ಲ, ಅದು ರಾಜ್ಯ ಚುನಾವಣಾ ಆಯೋಗದ್ದು. ಶಾಸಕ, ಸಂಸದರ ಚುನಾವಣೆಗೇ ನಿಲ್ಲಬೇಕು. ವಿಧಾನಸಭೆಗೆ ಠೇವಣಿ 10,000, ಪರಿಶಿಷ್ಟರಿಗೆ 5,000. ಚಲಾಯಿತ ಮತದಲ್ಲಿ ಆರನೇ ಒಂದು ಪಾಲು ಬರದಿದ್ದರೆ ಅದು ಹೋದ ಹಾಗೆ.

ಗ್ರಾಮ ಪಂಚಾಯಿತಿಗೆ ಪಕ್ಷದ ನೋಂದಣಿ, ಪಕ್ಷದ ಚಿಹ್ನೆ ಯಾವುದೂ ಬೇಡ. ಕರ್ನಾಟಕದಲ್ಲಿ ಆ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದೇ ಇಲ್ಲ. ಹೆಚ್ಚುಕಡಿಮೆ 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅರ್ಧ ಸ್ಥಾನ ಹೆಂಗಸರಿಗೆ. ನಿಮ್ಮ ಅಂಗಡಿಗೆ ರವಿಕೆ ಹೊಲಿಸಲು ಬರುವವರನ್ನು ಎಣಿಸಿ ನೋಡಿ, ಒಂದು ವಾರ್ಡಿನಷ್ಟು ಜನ ಇದ್ದಾರೋ ಇಲ್ಲವೋ? ತಾಲೂಕು, ಜಿಲ್ಲಾ ಪಂಚಾಯಿತಿ ಪಕ್ಷದ ಆಟ. 2016ರ ಆಮೇಲೆ ಅವಕ್ಕೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ, ಅದನ್ನು ನಂಬಿಕೊಂಡು ಕೂರಬೇಡಿ.

ಹೊರಗಿನ ಒಂದು ಉದಾಹರಣೆ ಕೊಡುತ್ತೇನೆ, ಯಾಕೆಂದರೆ ನಿಮ್ಮ ಕನಸಿಗೆ ಅದು ಬಹಳ ಹತ್ತಿರ. ಜರ್ಮನಿಯ ಗ್ರೀನ್ ಪಕ್ಷ 1980ರಲ್ಲಿ ಹುಟ್ಟಿದ್ದೇ ಅಣುಸ್ಥಾವರ ವಿರೋಧಿ, ಯುದ್ಧ ವಿರೋಧಿ ಕೂಟಗಳಿಂದ. 1983ರಲ್ಲಿ ಶೇ 5.6 ಮತ ಪಡೆದು ಸಂಸತ್ತಿಗೆ ಹೋಯಿತು. 1998ರಲ್ಲಿ ಸರ್ಕಾರದ ಪಾಲುದಾರ ಆಯಿತು, ಅವರ ನಾಯಕ ಯೋಷ್ಕಾ ಫಿಷರ್ ವಿದೇಶಾಂಗ ಸಚಿವರಾದರು. ಮರುವರ್ಷವೇ ಕೊಸೊವೊ ಯುದ್ಧದ ಬಾಂಬ್ ದಾಳಿಗೆ ಆ ಸರ್ಕಾರ ಸೇರಿಕೊಂಡಿತು. ಪಕ್ಷದ ಸಮ್ಮೇಳನದಲ್ಲಿ ಸ್ವಂತ ಕಡೆಯವರೇ ಫಿಷರ್ ಮೇಲೆ ಕೆಂಪು ಬಣ್ಣದ ಚೀಲ ಎಸೆದರು. ಜನಾಂಗ ಹತ್ಯೆ ತಡೆಯಲು ಬೇರೆ ದಾರಿ ಇರಲಿಲ್ಲ ಅಂತ ಫಿಷರ್ ವಾದ. ಯಾರು ಸರಿ ಅಂತ ಅಲ್ಲಿ ಇವತ್ತಿಗೂ ವಾದ ಮಾಡುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ಕೂಟ ಪಕ್ಷದೊಳಗೆ ಪೂರ್ತಿ ಕರಗಿ ಹೋದರೆ ಪಕ್ಷದ ಕಿವಿ ಹಿಂಡಲು ಹೊರಗೆ ಯಾರೂ ಉಳಿಯುವುದಿಲ್ಲ. ಹಾಗಾಗಿ ನೀವು ಯಾವತ್ತಾದರೂ ಪಕ್ಷ ಮಾಡಿದರೂ ಕೂಟ ಬೇರೆಯೇ ಇರಲಿ. ಬೇರೆ ಪುಸ್ತಕ, ಬೇರೆ ಪದಾಧಿಕಾರಿಗಳು. ಕೂಟವನ್ನು ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸೇರಿ ನೋಂದಾಯಿಸಬಹುದು. ಅಪ್ಪಿಕೋ ಚಳವಳಿ ನೆನಪಿಸಿಕೊಳ್ಳಿ. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಾಲ್ಕಣಿಯಲ್ಲಿ ಕಾಡು ಕಡಿಯುವುದನ್ನು ತಡೆಯಲು ಜನ ಮರ ಅಪ್ಪಿಕೊಂಡರು. ಅವರು ಯಾರೂ ಪಕ್ಷ ಅಲ್ಲ. ಅದಕ್ಕೇ ಎಲ್ಲ ಪಕ್ಷದವರೂ ಅವರ ಮಾತು ಕೇಳಬೇಕಾಯಿತು.

ದುಡ್ಡಿನ ವಿಷಯ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಅದರ ಪೆಟ್ಟು ನಾನೇ ತಿಂದಿದ್ದೇನೆ. ಸುಮಾರು 20 ವರ್ಷದ ಹಿಂದೆ ನಾವು ಘಟ್ಟದ ಮೇಲೆ ಒಂದು ಕೂಟ ಮಾಡಿದ್ದೆವು. 22 ಜನ. ಒಂದು ಕೆಲಸದಲ್ಲಿ ಗೆದ್ದೆವು, ಹುರುಪು ಬಂತು, ಚುನಾವಣೆಗೆ ನಿಲ್ಲೋಣ ಅಂದೆವು. ಲೆಕ್ಕ ಬರೆಯುತ್ತಿದ್ದದ್ದು 200 ಪುಟದ ಉದ್ದ ಪುಸ್ತಕದಲ್ಲಿ. ಒಂದು ರಾತ್ರಿ ಸಭೆಯಲ್ಲಿ ಯಾರೋ ಪುಟ ತಿರುವುತ್ತಾ ಒಂದು ಸಾಲಿನ ಹತ್ತಿರ ಬೆರಳಿಟ್ಟು ನಿಂತರು. 'ಇತರೆ: 3,400.' ಏನು ಇತರೆ? ಬರೆದವರಿಗೆ ನೆನಪಿರಲಿಲ್ಲ. ಅವರು ಒಂದು ರೂಪಾಯಿಯನ್ನೂ ತಿನ್ನುವವರಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಜೀಪಿನ ಬಾಡಿಗೆಯೋ, ಊಟವೋ ಇರಬೇಕು. ಆದರೆ ಆ ರಾತ್ರಿ ಅವರ ಕಣ್ಣಲ್ಲಿ ನೀರು ಬಂತು, ಎದ್ದು ಹೋದರು. ಮುಂದಿನ ಸಭೆಗೆ 14 ಜನ ಬಂದರು, ಅದರ ಮುಂದಿನದಕ್ಕೆ ಆರು. ಬರೆದವರು ಒಬ್ಬರೇ, ಓದುವವರು ಯಾರೂ ಇರಲಿಲ್ಲ. ತಪ್ಪು ನಮ್ಮೆಲ್ಲರದು. ಅವರ ಮನೆಗೆ ಹೋಗಿ ಕ್ಷಮೆ ಕೇಳಲು ನನಗೆ ಎರಡು ವರ್ಷ ಬೇಕಾಯಿತು.

ನಿಮ್ಮ ಪುಸ್ತಕದಲ್ಲಿ 'ಇತರೆ' ಅನ್ನುವ ಪದವೇ ಇರಬಾರದು. ಐದು ರೂಪಾಯಿಯ ಚಹಾ ಆದರೂ ಚಹಾ ಅಂತಲೇ ಬರೆಯಿರಿ. ಪ್ರತಿ ಸಭೆ ಶುರುವಾಗುವುದೇ ಹಿಂದಿನ ತಿಂಗಳ ಲೆಕ್ಕ ಓದಿ. ಓದುವವರು ಬರೆದವರಲ್ಲ, ಬೇರೆಯವರು. ತಿಂಗಳಿಗೆ 20 ರೂಪಾಯಿ ವಂತಿಗೆ ಸಾಕು, ಎಲ್ಲರೂ ಕೊಡಬೇಕು. ಗುತ್ತಿಗೆದಾರರ ದುಡ್ಡು ಬೇಡ. ಮುಂದೆ ಪಕ್ಷ ಆದರೆ 2,000 ರೂಪಾಯಿಗೆ ಮೀರಿದ ದೇಣಿಗೆಯನ್ನು ನಗದಾಗಿ ತೆಗೆದುಕೊಂಡರೆ ತೆರಿಗೆ ವಿನಾಯಿತಿ ಹೋಗುತ್ತದೆ. 20,000 ಮೀರಿದ ದೇಣಿಗೆಗಳ ವಿವರ ಪ್ರತಿ ವರ್ಷ ಆಯೋಗಕ್ಕೆ ಕೊಡಬೇಕು. ಕೊಲ್ಲಿಯಲ್ಲಿರುವ ಗೆಳೆಯರು ಕೈಜೋಡಿಸುತ್ತೇವೆ ಅನ್ನಬಹುದು. ಭಾರತೀಯ ಪಾಸ್‌ಪೋರ್ಟ್ ಇರುವವರ ಸ್ವಂತ ಸಂಪಾದನೆ ಬೇರೆ, ವಿದೇಶಿ ಮೂಲದ ಹಣ ಬೇರೆ. ಎರಡನೆಯದನ್ನು ಪಕ್ಷಗಳು ಮುಟ್ಟುವ ಹಾಗೇ ಇಲ್ಲ. ವ್ಯತ್ಯಾಸ ಖಚಿತ ಆಗುವವರೆಗೆ, ಒಬ್ಬ ಲೆಕ್ಕಪರಿಶೋಧಕರನ್ನು ಕೇಳುವವರೆಗೆ, ಒಂದು ಪೈಸೆಯನ್ನೂ ತೆಗೆದುಕೊಳ್ಳಬೇಡಿ.

ಕೊನೆಗೆ ನಿಮ್ಮ ಅಣ್ಣ. ರಕ್ಷಣಾ ಇಲಾಖೆಯ ಸಿವಿಲಿಯನ್ ನೌಕರರಿಗೂ 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು ಅನ್ವಯಿಸುತ್ತವೆ. ಅದರ 5ನೇ ನಿಯಮದ ಪ್ರಕಾರ ಅವರು ಯಾವ ಪಕ್ಷಕ್ಕೂ ಸೇರುವ ಹಾಗಿಲ್ಲ, ರಾಜಕೀಯ ಚಳವಳಿಗೆ ಸಹಾಯ ಮಾಡುವ ಹಾಗಿಲ್ಲ. ಮನೆಯವರು ಸರ್ಕಾರವನ್ನು ಬುಡಮೇಲು ಮಾಡುವ ಚಳವಳಿಗೆ ಸೇರದಂತೆ ನೋಡಿಕೊಳ್ಳಬೇಕು ಅಂತಲೂ ಅದರಲ್ಲಿದೆ. ನೀವು ಕಾನೂನಿನ ಒಳಗೆ, ಶಾಂತಿಯಿಂದ ಮಾಡುವ ಕೆಲಸ ಅದಕ್ಕೆ ಬರುವುದಿಲ್ಲ. ಆದರೆ ಮೇಲಧಿಕಾರಿ ಕರೆದು ಕೇಳಿದರೆ ಉತ್ತರ ಹೇಳಬೇಕಾದವರು ಅವರು. ಮಾತು ಬಿಟ್ಟದ್ದರ ಹಿಂದೆ ಸಿಟ್ಟಿಗಿಂತ ಜಾಸ್ತಿ ಈ ಹೆದರಿಕೆ ಇದ್ದಿರಬಹುದು. ಅವರ ಹೆಸರು ನಿಮ್ಮ ಯಾವ ಪಟ್ಟಿಯಲ್ಲೂ ಬೇಡ. ಬ್ಯಾನರ್ ಸಾಗಿಸಲು ಅವರ ಬೈಕು ಬೇಡ. ಅವರ ಫೋನಿಗೆ ಕೂಟದ ಸಂದೇಶ ಕಳಿಸಬೇಡಿ. ಯಾವ ಹಡಗು ಬಂತು, ಒಳಗೆ ಏನು ನಡೆಯುತ್ತಿದೆ ಅಂತ ಮಾತಿಗೂ ಕೇಳಬೇಡಿ. ಈ ನಾಲ್ಕನ್ನೂ ನೀವಾಗಿಯೇ ಅವರಿಗೆ ಹೇಳಿ. ನನ್ನಿಂದ ನಿನ್ನ ಕೆಲಸಕ್ಕೆ ತೊಂದರೆ ಆಗದ ಹಾಗೆ ನೋಡಿಕೊಳ್ಳುತ್ತೇನೆ ಅಂತ ತಂಗಿಯ ಬಾಯಿಂದ ಕೇಳಿದರೆ ಅವರ ಮನಸ್ಸು ಹಗುರಾಗುತ್ತದೆ.

ಆಮೇಲೆ ಹೊಸ ಬ್ಯಾನರಿನ ಸಾಲು. ನನ್ನನ್ನು ಕೇಳಿದರೆ 'ನಮ್ಮ ಹುಡುಗರು ಜೀವಂತ ಮನೆಗೆ ಬರಲಿ' ಅಂತ ಬರೆಯುತ್ತೇನೆ. ನಿಮಗೆ ಬೇರೆ ಹೊಳೆಯಬಹುದು. ಬರೆಸುವ ಮೊದಲು ಒಂದು ಸಂಜೆ ಅಣ್ಣನನ್ನು ಊಟಕ್ಕೆ ಕರೆಯಿರಿ, ಬಂಗಡೆ ಸಾರು ಮಾಡಿ, ಆ ಸಾಲನ್ನು ಬಾಯಲ್ಲಿ ಹೇಳಿ ನೋಡಿ. ಅವರಿಗೆ ಅದು ಚುಚ್ಚಿದರೆ ಬದಲಾಯಿಸಿ.